ಹೆಬ್ಬೆಟ್ಟು

ಮೂರು ಸಲ ಒತ್ತಿದೆ. ಮೂರು ಸಲವೂ ಮಿಷನ್ನು ಕೆಂಪಾಯಿತು.
ಕೌಂಟರಿನ ಹುಡುಗ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ
"ಬೇರೆ ಬೆರಳು ಕೊಡಮ್ಮ" ಅಂದ.
ಹತ್ತನ್ನೂ ಕೊಟ್ಟೆ.
ಹತ್ತರಲ್ಲೂ ನಾನಿಲ್ಲ.

ಮೂವತ್ತೊಂದು ವರ್ಷ ಶಿಡ್ಲಘಟ್ಟದ ಬೇಸಿನ್ನಿನ ಮುಂದೆ
ಕುದಿನೀರಲ್ಲಿ ಗೂಡು ತಿರುವಿ ತಿರುವಿ
ಎಳೆಯ ತುದಿ ಹುಡುಕಿದ ಬೆರಳು.
ಗೆರೆಗಳೂ ಒಂದೊಂದಾಗಿ ಬಿಚ್ಚಿಕೊಂಡು
ಯಾರದೋ ಸೀರೆಯ ಅಂಚಿಗೆ ಹೋಗಿರಬೇಕು.

ಕೊನೆಗೆ ಕಣ್ಣು ತೋರಿಸಿದೆ, ಕಾರ್ಡು ಬಂತು.
ಹೆಸರು ಕಮರುನಿಸ ಅಂತ ಬಿದ್ದಿದೆ. ಖಮರುನ್ನಿಸಾ ನಾನು.
ತಿದ್ದಿಸೋಕೆ ಹೋದರೆ ಮತ್ತೆ ಹೆಬ್ಬೆಟ್ಟು ಕೇಳುತ್ತಾರೆ.

ಡಾಕ್ಟರ್ ಪಾವನಾ ಚಿಂತಾಮಣಿಯವಳು,
ನನ್ನ ಕೊನೇ ಮಗಳಷ್ಟು ವಯಸ್ಸು.
ಚೀಟಿಯ ಬೆನ್ನಿಗೆ ಗುಂಡಗೆ ಗೀಚಿ "ಇದು ಕೋಶ" ಅಂದಳು.
ನಗು ಬಂತು. ಕೋಶ ನನಗೆ ಹೇಳಿಕೊಡ್ತೀಯಾ ತಾಯಿ?
ಗೂಡಿನೊಳಗೆ ಮಲಗಿದ ಹುಳುವನ್ನೂ
ಇಲಾಖೆಯವರು ಕೋಶ ಅಂತಲೇ ಬರೆಯುತ್ತಿದ್ದರು.

"ಎಲ್ಲ ಕೋಶಕ್ಕೂ ಸಾಯೋದು ಗೊತ್ತು.
ದಿನಾ ಕೋಟಿಗಟ್ಟಲೆ ಸಾಯ್ತವೆ ನಿಮ್ಮೊಳಗೆ,
ಸದ್ದಿಲ್ಲ, ಕೀವಿಲ್ಲ, ಪಕ್ಕದವೇ ಬಂದು ಎತ್ತಿ ಮುಗಿಸ್ತವೆ.
ಇದು ಮಾತ್ರ ಮರೆತಿದೆ.
ಮರೆತು, ತನ್ನಂಥವನ್ನೇ ಹೆರ್ತಾ ಕೂತಿದೆ."

ಹಾಗಾದರೆ ಕುದಿಸು, ಅಂದೆ.
ಹೋದ ವರ್ಷ ಕುದಿಸಿದ್ದೀರಲ್ಲ, ಕೂದಲು, ನಾಲಿಗೆ, ಉಗುರು,
ಒಳ್ಳೇದು ಕೆಟ್ಟದ್ದು ಎಲ್ಲ ಒಂದೇ ಬೇಸಿನ್ನಿಗೆ.

"ಇದು ಹಾಗಲ್ಲ. ಇದೊಂದು ಪ್ರೋಟೀನು.
ಆ ಕೋಶದ ಮೈಮೇಲೆ ಚಿಲಕಗಳಿವೆ.
ಇವು ಮೂರು ಜೊತೆಯಾಗಿ ಹೋಗಿ
ಮೂರು ಚಿಲಕ ಒಟ್ಟಿಗೆ ಹಿಡಿದರೆ
ಒಳಗೆ, ಹುಟ್ಟಿದಾಗಿನಿಂದ ಮಡಚಿಟ್ಟ ಕತ್ತರಿಗಳು ಏಳ್ತವೆ.
ನಾವು ಕೊಲ್ಲಲ್ಲಮ್ಮ. ಅದಕ್ಕೆ ನೆನಪು ಮಾಡ್ತೀವಿ."
ಆಮೇಲೆ ದನಿ ತಗ್ಗಿಸಿ,
"ಎಲ್ಲರಲ್ಲೂ ನೆನಪಾಗಲ್ಲ. ಇನ್ನೂ ಪರೀಕ್ಷೆಯ ಮದ್ದು.
ಯೋಚನೆ ಮಾಡಿ ಸಹಿ ಹಾಕಿ."

ಹಾಕಿದೆ. ಉರ್ದು ಶಾಲೆಯ ಐದನೇ ಕ್ಲಾಸಿನ ಸಹಿ,
ಬಾಲ ಸ್ವಲ್ಪ ಉದ್ದವಾಯಿತು.

ಕಿಟಕಿಯಾಚೆ ಅಂತರಗಂಗೆ ಬೆಟ್ಟ, ಬಂಡೆಗೆ ಬಿಸಿಲು.
ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಜ್ವರ ಏರಿತು.
ಹುಳುವಿಗೆ ನಾಲ್ಕು ಜ್ವರ.
ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಸುಮ್ಮನಿರುತ್ತೆ,
ಆಗ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು.
ಮಗ ಬ್ರೆಡ್ಡು ತಂದ. ಬೇಡ ಅಂದೆ.
ತಲೆಯೆತ್ತಿ ಕೂತೆ.

ಡೆಮಾನ್‌ಸ್ಟ್ರೇಟರ್ ಪಿಳ್ಳೇಗೌಡರು ನೆನಪಾದರು.
ಒಂದು ಸಲ ಬಿತ್ತನೆ ಗೂಡು ಕುಯ್ದು, ಕೋಶ ಬಗೆದು ಕೇಳಿದ್ದರು,
"ಒಂದು ಕಿಲೋಮೀಟರು ನೂಲು ಸುರಿಸಿದ ಗ್ರಂಥಿ ಎಲ್ಲಿದೆ ತೋರಿಸಿ."
ಇರಲಿಲ್ಲ. ಬರೀ ತಿಳಿ ನೀರು.
"ಕೆಲಸ ಮುಗೀತು, ತಾನೇ ಕರಗ್ತು.
ಕರಗದಿದ್ದರೆ ಚಿಟ್ಟೆ ಆಗೋದು ಹೆಂಗೆ?"
ಎಲ್ಲರೂ ತಲೆಯಾಡಿಸಿದರು. ನಾನು ನಂಬಲಿಲ್ಲ.
ನನ್ನ ಕೈಗೆ ಬಂದ ಯಾವ ಹುಳುವೂ
ಅಷ್ಟು ದಿನ ಬದುಕಿದ್ದಿಲ್ಲ.

ಈಗ ಒಳಗೆ, ಕತ್ತಲಲ್ಲಿ, ನನ್ನದಲ್ಲದ ಬೆರಳುಗಳು
ಕೋಟಿ ಕೋಶಗಳ ಮೈ ತಡವುತ್ತಾ ಹೋಗುತ್ತಿವೆ.
ಇದಲ್ಲ. ಇದಲ್ಲ. ಇದೂ ಅಲ್ಲ.
ಗೊತ್ತು ನನಗೆ ಆ ಕೆಲಸ. ಕಣ್ಣು ಬೇಕಿಲ್ಲ ಅದಕ್ಕೆ.
ತುದಿ ಸಿಕ್ಕ ಕೂಡಲೇ ಗೂಡು
ನೀರಲ್ಲಿ ತಾನಾಗಿ ಕುಣಿಯೋಕೆ ಶುರುಮಾಡುತ್ತೆ.
ಮಿಷನ್ನಿಗೆ ನಾನು ಸಿಗದಿದ್ದರೆ ಬೇಡ,
ಇವಕ್ಕೆ ಅದು ಸಿಕ್ಕರೆ ಸಾಕು.

ಸಂಜೆ ಎಚ್ ಕ್ರಾಸಿನಲ್ಲಿ ಬಸ್ಸು ಬದಲಿಸುವಾಗ ಮಗ ಕೇಳಿದ,
ಹೆಂಗಿದೆ ಅಮ್ಮಿ?
ಗೂಡು ಬೆಂದಿದೆ ಕಣೋ, ಅಂದೆ, ತುದಿ ಇನ್ನೂ ಬಂದಿಲ್ಲ.
ಪೊರಕೆ ಆಡಿಸ್ತಾನೇ ಇರಬೇಕು.