ಅದೇ

ಮಾಟುಂಗಾ ಸ್ಟೇಷನ್ನಿನೆದುರ ಹೋಟೆಲಿನಲ್ಲಿ
ತ್ಯಾಂಪಣ್ಣ ಆರ್ಡರು ಕೂಗುವುದು ಹೀಗೆ:
'ಮೂರಕ್ಕೆ ಎರಡಿಡ್ಲಿ ಒಂದು ವಡೆ, ಸಾಂಬಾರು ಬೇರೆ,
ಐದಕ್ಕೂ ಅದೇ,
ಏಳಕ್ಕೆ ಅದೇ, ವಡೆ ಬೇಡ.'
ಹೇಳಿದ್ದನ್ನು ಎರಡನೇ ಸಲ ಹೇಳಿದರೆ
ನಾಲಗೆ ಸವೆದೀತೆಂಬ ಜಿಪುಣ.

ನನ್ನ ಕೆಲಸವೂ ಹೆಚ್ಚುಕಡಿಮೆ ಇಷ್ಟೇ.
ಕರ್ನೆಲಿನ ಒಳಗೆ, ಯಾರೂ ಇಣುಕದ ಕಡೆ,
ಬರುವ ಸಾಲನ್ನು ಓದುತ್ತ ಹೋಗುವುದು;
ಮೊದಲೇ ಕಂಡದ್ದು ಮತ್ತೆ ಬಂದರೆ ಬರೆಯದೆ
ಬೆರಳು ತೋರುವುದು: ಹಿಂದೆ ಇಷ್ಟು ದೂರ ಹೋಗು,
ಅಲ್ಲಿಂದ ಇಷ್ಟುದ್ದ ಎತ್ತಿಕೊ.
ಗಟ್ಟಿಯಾಗಿ ಹಿಂಡುವವರು ಬೇರೆ ಇದ್ದಾರೆ,
ಕೊನೆಯ ಹನಿಯವರೆಗೂ, ಬೆಳಗಾಗುವವರೆಗೂ.
ನಮಗೆ ಅಷ್ಟು ಪುರುಸೊತ್ತಿಲ್ಲ.
ಅರ್ಧ ಹಿಂಡಿ, ಕೊಡವಿ, ಹಗ್ಗಕ್ಕೆಸೆದು, ಮುಂದಿನದು.

ಹಾಸಿಗೆಯಿದ್ದಷ್ಟು ಕಾಲು ಚಾಚು ಎನ್ನುತ್ತಾಳೆ ಅಮ್ಮ, ಫೋನಿನಲ್ಲಿ.
ಪರೇಲಿನ ಖೋಲಿಯಲ್ಲಿ ನಾವು ನಾಲ್ವರಿಗೆ
ಹಾಸಿಗೆಗೇ ಜಾಗವಿಲ್ಲ.
ಬೆಳಿಗ್ಗೆ ಸುರುಳಿ ಸುತ್ತಬೇಕು,
ಸುತ್ತಲು ಒಬ್ಬಳು ಗ್ಯಾಲರಿಗೆ ಹೋಗಿ ನಿಲ್ಲಬೇಕು.
ಜಾಗ ಮಾಡುವುದಕ್ಕೂ ಮೊದಲು ಜಾಗ ಬೇಕು:
ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.
ಮೆಮೊರಿ ಮುಗಿದ ಗಳಿಗೆಯಲ್ಲಿ ಎದ್ದು
ಮಡಿಸಲು ಒಂದಿಷ್ಟು ಮೆಮೊರಿ ಕೊಡು ಎಂದರೆ
ಯಾರು ಕೊಡುತ್ತಾರೆ?
ಅದಕ್ಕೇ ಬೂಟಾಗುವಾಗಲೇ, ಎಲ್ಲ ಖಾಲಿಯಿರುವಾಗಲೇ,
ಹದಿನಾರು ಕೆಬಿಯ ಗ್ಯಾಲರಿ ಹಿಡಿದಿಟ್ಟೆ.
ದಂಡ ಎಂದರು ಗದ್ರೆ ಸಾಹೇಬರು.
ಅವರದು ಠಾಣೆಯಲ್ಲಿ ಮೂರು ಬೆಡ್‌ರೂಮು.

ಆಮೇಲೆ ಆ ಹನ್ನೊಂದು ದಿನ.
ಬಿಚ್ಚಿದರೆ ಉದ್ದ ಸರಿ, ಅಳತೆ ಸರಿ,
ನಡುವೆ ಎಲ್ಲೋ ಒಂದು ಬೈಟು ಸುಳ್ಳು.
ಸಾವಿರ ಸಲಕ್ಕೊಮ್ಮೆ. ಶನಿವಾರ ಹೆಚ್ಚು ಅನ್ನಿಸುತ್ತಿತ್ತು.
ಫೋಟೋದಲ್ಲಾದರೆ ಒಂದು ಚುಕ್ಕೆ, ಹೋದರೆ ಹೋಯಿತು.
ಇಲ್ಲಿ ಒಂದಕ್ಷರ ತಪ್ಪಿದರೆ
ಇಡೀ ಊರು ಮಲಗುತ್ತದೆ.

ಹನ್ನೆರಡನೆಯ ಬೆಳಿಗ್ಗೆ ಹೋಟೆಲಿನಲ್ಲಿ ನೂಕುನುಗ್ಗಲು.
ತ್ಯಾಂಪಣ್ಣ ಬಾಗಿಲಿಂದಲೇ ಕೂಗಿದ, 'ಒಂಬತ್ತಕ್ಕೆ ಅದೇ!'
ಒಳಗಿಂದ ಭಟ್ಟರು: 'ಯಾವುದು ಮಾರಾಯ?
ಎಂಟರದ್ದೇ ಇನ್ನೂ ಹೇಳಿಲ್ಲ ನೀನು.'

ಕಾಫಿ ಹಾಗೇ ಬಿಟ್ಟು ಎದ್ದೆ.
ಏಳು ಹೆಜ್ಜೆ ಹಿಂದಿನಿಂದ ಎತ್ತಿಕೊ ಎಂದಾಗಲೂ ನಾನು
ಅವಸರಕ್ಕೆ ಎಂಟೆಂಟು ಬಾಚುತ್ತಿದ್ದೆ.
ಎಂಟನೆಯದು ಇನ್ನೂ ಹುಟ್ಟೇ ಇರಲಿಲ್ಲ,
ಅಲ್ಲಿದ್ದದ್ದು ನಿನ್ನೆಯ ಎಂಜಲು.
ಒಂದು ಚಿಹ್ನೆ ಬದಲಿಸಿದೆ, ಅಷ್ಟೇ.

ಪ್ಯಾಚು ಒಳಗೆ ಹೋಯಿತು. ಎಲ್ಲೋ ಯಾರದೋ ಫೋನು
ಅರೆಗಳಿಗೆ ಮೊದಲೇ ಕಣ್ಣು ಬಿಟ್ಟಿರಬಹುದು;
ಗೊತ್ತಾಗುವಂಥದ್ದಲ್ಲ.

ಇವತ್ತು ಕೂತೊಡನೆ ತ್ಯಾಂಪಣ್ಣ ಹುಬ್ಬೇರಿಸಿದ: ಅದೇ?
ಅದೇ.
ಕೂಗಿದ. ಒಳಗೆ ಸದ್ದಿಲ್ಲ.
ಭಟ್ಟರು ರಜೆಯಲ್ಲಿ; ಒಲೆಯೆದುರು
ನಿನ್ನೆಯಷ್ಟೇ ಗೋಂದಿಯಾದಿಂದ ಬಂದ ಹುಡುಗ.
ಹಿಂದೆ ತಿರುಗಿ ನೋಡಲು ಅವನಿಗಿಲ್ಲಿ
ಹಿಂದೆ ಎಂಬುದೇ ಇಲ್ಲ.
ತ್ಯಾಂಪಣ್ಣ ಹೆಗಲಿಗೆ ಬಟ್ಟೆ ಎಸೆದುಕೊಂಡು ಒಳಗೆ ನಡೆದ.
ಅವನ ಮುರುಕು ಹಿಂದಿ ನನಗೆ ಕೇಳಿಸುತ್ತಿತ್ತು,
ಒಂದೊಂದೇ, ಏನನ್ನೂ ಬಿಡದೆ:
ಇಡ್ಲಿ ಎರಡು. ಬಿಸಿ ಇರಬೇಕು.
ಚಟ್ನಿ ಮೇಲೆ ಹಾಕಬೇಡ, ಪಕ್ಕಕ್ಕೆ.
ಕಾಫಿಗೆ ಸಕ್ಕರೆ ಅರ್ಧ.
ಆ ಹುಡುಗಿಗೆ ಯಾವಾಗಲೂ ಅವಸರ.