ಮೊಳೆ ಸಾಲಲಿಲ್ಲ

ಮುಳಗುಂದ ನಾಕಾದ ನಮ್ಮ ಪ್ರೆಸ್ಸಿಗೆ
ಹುಚ್ಚೀರಪ್ಪ ಬಳ್ಳೊಳ್ಳಿ ಬಂದರು, ಎಣ್ಣೆ ಮಿಲ್ಲಿನ ಧಣಿ.
ಕೈಯಲ್ಲಿ ಎಂಟು ಪುಟ:
‘ಆದಾಯ ತೆರಿಗೆ ಸಂವಿಧಾನಕ್ಕೆ ಒಪ್ಪದು.’

ನಾನು ಮೊಳೆ ಜೋಡಿಸುವವ,
ಏನನ್ನೂ ಉಲ್ಟಾ ಓದಿಯೇ ರೂಢಿ.
ನಾಲ್ಕನೇ ಪುಟಕ್ಕೇ ‘ತೆ’ ಖಾಲಿ.
ಪುರಾಣ ಮಂಗಲದ ಕರಪತ್ರ ಬಿಚ್ಚಿ
‘ಗ್ರಾಮದೇವತೆ’ಯಿಂದ ಒಂದು
ಎರವಲು ತಂದೆ.

‘ಕಾನೂನಿನ ಅಧಿಕಾರವಿಲ್ಲದೆ ತೆರಿಗೆಯಿಲ್ಲ’
ಇನ್ನೂರ ಅರವತ್ತೈದನೇ ವಿಧಿಯಂತೆ.
ಆ ಸಾಲು ಚಂದ ಕಂಡಿತು,
ಕೇಳದೆಯೇ ದಪ್ಪಕ್ಷರ ಹಾಕಿದೆ.
ಆ ಕಾನೂನು ಇದೆಯಲ್ಲ, ಎಂದು ನಾಲಿಗೆ ತುದಿಗೆ ಬಂತು;
ಪಗಾರದ ದಿನ, ನುಂಗಿದೆ.

ಪ್ರೂಫ್ ತಿದ್ದುತ್ತ ಕೇಳಿದರು:
‘ನೀ ಎಷ್ಟ ಕಟ್ತೀಯೋ ದ್ಯಾಮಣ್ಣ?’
‘ಆ ಮಿತಿತನಕಾ ನನ್ನ ಪಗಾರ
ಇನ್ನೂ ನಡಕೊಂಡು ಮುಟ್ಟಿಲ್ಲರಿ.
ಬೀಡಿ, ಕಡ್ಡಿಪೆಟಗಿ, ಸಕ್ರಿ ಮ್ಯಾಲೆ ಕಟ್ಟಿದ್ದು
ಲೆಕ್ಕಾ ಇಟ್ಟಿಲ್ಲ.’
ನಗಲಿಲ್ಲ ಅವರು.
‘ಅದು ಬ್ಯಾರೆ ಕಲಂ’ ಅಂದರು.

ಸಾವಿರ ಪ್ರತಿ ಟಾಂಗಾಕ್ಕೆ ಏರಿದವು.
ಮಾಲಕರು ಬಿಲ್ ಪುಸ್ತಕ ತೆರೆದರೆ
ಬಳ್ಳೊಳ್ಳಿಯವರು ಎರಡೇ ಬೆರಳಿಂದ ಮುಚ್ಚಿದರು:
‘ನಮ್ಮ ನಮ್ಮೊಳಗ ಯಾಕ್ರಿ?’
ಮಾಲಕರೂ ಹೌದೆಂದರು.

ದೀಪ ಹಚ್ಚಿ
ಮೊಳೆಗಳನ್ನು ಖಾನೆ ಖಾನೆಗೆ ಮರಳಿಸಿದೆ.
ದೇವತೆಗೆ ಅವಳ ‘ತೆ’ ಸಿಕ್ಕಿತು,
ತುಸು ಸವೆದು.