ಹನ್ನೊಂದು ಸೂಜಿ

ಅಂಗೈಯಷ್ಟು ಜೀವ, ಬಾಯಿ ತುಂಬ ಜೀನ್ಸಿನ ಹಲ್ಲು.
ಅದಕ್ಕೇ ಜಿಪ್ಪಿ ಅಂತ ಕರೆದೆ.
ಪಕ್ಕದ ಹೊನ್ನೂರಬಿ ನಕ್ಕಳು:
"ಜಿಪ್ಪಾದರ ಎಳೆದರ ಮುಚ್ತೈತಿ,
ಇದರ ಬಾಯಿ ಯಾವ ಕಡೆ ಎಳೀತಿ?"

ಕೌಲ್ ಬಜಾರಿನ ಈ ಓಣಿಯಾಗ
ಮನೆಗೊಂದು ಮಿಷನ್ನು, ಮಿಷನ್ನಿನ ಬಗಲಿಗೆ ನೀಲಿ ಬಟ್ಟೆಯ ಗುಡ್ಡ.
ಇದರ ಜೊತೆ ಹುಟ್ಟಿದ್ದು ಇನ್ನೊಂದಿತ್ತು,
ಬಂಡಲ್ ಹೇರಿದ ಟಂಟಂ ಹಿಂದಕ್ಕೆ ಬರುವಾಗ ಹೋಯಿತು.
ಡ್ರೈವರ್ ಇಳಿದು ನೋಡಿದ,
ಮತ್ತೆ ಹತ್ತಿದ.
ಅವತ್ತಿನಿಂದ ಬಾಗಿಲಿಗೆ ಹಲಗೆ ಅಡ್ಡ,
ಕಿಟಕಿಗೆ ಉಳ್ಳಾಗಡ್ಡಿ ಚೀಲ ಬಿಚ್ಚಿ ಬಡಿದ ಜಾಳಿಗೆ.
ಇದು ನನ್ನ ಕೈದಿ. ಕೆಲಸ ಬಿಟ್ಟು ಎದ್ದೆದ್ದು ನೋಡುವ ನಾನು
ಇದರ ಕೈದಿ.

ದಾರ ಕತ್ತರಿಸಿದರೆ ಪ್ಯಾಂಟಿಗೆ ಎಂಬತ್ತು ಪೈಸೆ.
ಹತ್ತು ಪ್ಯಾಂಟಿಗೆ ನಾಲ್ಕು ಸಲ ಕಚ್ತೈತಿ.
ಮೂಗಿನ ಮ್ಯಾಲೆ ಒಂದು ಬಿಡು ಅಂದವರು ಮೂವರು.
ಬಿಡಲಿಲ್ಲ.
ಕಚ್ಚಿದ ಕೂಡಲೇ ಕೈ ಎಳೆಯೋದಿಲ್ಲ, ಕಲ್ಲು ಮಾಡ್ತೀನಿ.
ಕಲ್ಲಿನ ಜೊತೆ ಎಷ್ಟೊತ್ತು ಜಗಳ? ಅದಕ್ಕೂ ಬ್ಯಾಸರ.
ಬಿಟ್ಟ ಮ್ಯಾಲೆ ಎದ್ದು ಮುಖ ತಿರುಗಿಸಿ ಕೂಡ್ತೀನಿ,
ಸೊಸೆಯ ಸಾರಿಗೆ ಉಪ್ಪಿಲ್ಲ ಅಂತ ಮುನಿದ ಅತ್ತೆ ಹಂಗ.
ಅರ್ಧ ನಿಮಿಷ.
ಅದಕ್ಕಿಂತ ಹೆಚ್ಚು ನನಗೇ ಆಗೋದಿಲ್ಲ.

ರಿಜೆಕ್ಟ್ ಆದ ಮೂವತ್ತರ ಸೈಜಿನ ಒಂದು ಕಾಲು ಕತ್ತರಿಸಿ
ಒಳಗೆ ಚಿಂದಿ ತುರುಕಿ, ನಾಲ್ಕು ಹುಣಸೆ ಬೀಜ ಹಾಕಿ
ಎರಡೂ ತುದಿಗೆ ಜೋಡಿ ಹೊಲಿಗೆ ಹೊಡೆದೆ.
ಸೇಟು ನೋಡಿದ್ದರೆ ದಾರದ ಖರ್ಚು ಕೇಳುತ್ತಿದ್ದ.
ನೋಡವ್ವ, ಇದು ನಿನ್ನ ಬೇಟೆ, ಇದು ನನ್ನ ಕೈ,
ಎರಡರ ಫರಕು ಕಲಿ ಅಂದೆ.
ಮೂಸಿತು. ಮೇಲೆ ಹತ್ತಿತು.
ಆ ಎತ್ತರದಿಂದ ನನ್ನ ಹೆಬ್ಬೆರಳು ಕಚ್ಚಿತು.

ಕಲಿಯಿತು ನಿಧಾನಕ್ಕೆ. ಮುಂಗಾಲಿಂದ ತಬ್ಬಿ
ಹಿಂಗಾಲಿಂದ ಒದ್ದು ಒದ್ದು
ಆ ನೀಲಿ ಕಾಲನ್ನು ದಿನಕ್ಕೆ ಇಪ್ಪತ್ತು ಸಲ ಕೊಂದು
ಕಡಪ ಕಲ್ಲಿನ ತಂಪಿಗೆ ಹೊಟ್ಟೆ ಹಚ್ಚಿ ಮಲಗುತ್ತಿತ್ತು.

ಶುಕ್ರವಾರ ಸಂಜೆ ಕರೆಂಟು ಹೋಯಿತು.
ಮೊಬೈಲ್ ಬೆಳಕಿನಾಗ ಥರ್ಮಾಕೋಲಿನ ತುಂಡು ನೋಡಿದೆ:
ಹನ್ನೆರಡಿರಬೇಕು, ಹನ್ನೊಂದು ಸೂಜಿ.
ಕಿತ್ತಳೆ ದಾರ ಪೋಣಿಸಿದ್ದೇ ಇಲ್ಲ.
ದಾರ ಅಂದರೆ ಅದಕ್ಕೆ ಹಾಲಿಗಿಂತ ಹುಚ್ಚು.

ವಾಷಿಂಗ್ ಯೂನಿಟ್ಟಿನಿಂದ ನೀಲಿ ಕೈ ಹೊತ್ತು ಬಂದ ಯರ್ರಿಸ್ವಾಮಿ
ಚಾ ಕೇಳಲಿಲ್ಲ. ಹಳೆ ಸ್ಪೀಕರ್ ಒಡೆದು
ಅದರ ಅಯಸ್ಕಾಂತ ಹಿಡಿದು ಮನೆಯೆಲ್ಲ ಅಂಬೆಗಾಲಿಟ್ಟ.
ಮೂರು ರಿವಿಟ್ ಬಂದವು, ಎರಡು ಪಿನ್ನು,
ಹೋದ ದೀಪಾವಳಿಗೆ ಕಳೆದ ಕಾಲುಂಗುರ ಹುಡುಕು ಅಂದೆ,
ಬೆಳ್ಳಿ ಇದಕ್ಕೆ ಹತ್ತಲ್ಲ ಅಂದ.
ಸೂಜಿ ಬರಲಿಲ್ಲ.

ಜಿಪ್ಪಿ ಮಿಷನ್ನಿನ ಕೆಳಗೆ, ಬಾಯಿ ಮುಚ್ಚಿ.
ಎತ್ತಿದೆ. ತುಟಿ ಸರಿಸಿ ಬೆರಳು ಇಟ್ಟೆ,
ನಾಲಗೆ ಅಡಿಗೆ, ದವಡೆ ಮೂಲೆಗೆ.
ಕಚ್ಚಲಿಲ್ಲ.
ಎರಡು ತಿಂಗಳು ಬ್ಯಾಡ ಬ್ಯಾಡ ಅಂದದ್ದು
ಆ ಹೊತ್ತಿಗೆ ಎಲ್ಲಿ ಕಲಿತೆ ನನ್ನವ್ವ?

"ಅಲ್ಲಾಡಬ್ಯಾಡ," ಅಂದ ಯರ್ರಿಸ್ವಾಮಿ
ನನ್ನ ಎಡ ಭುಜಕ್ಕೆ ಬೆಳಕು ಹಿಡಿದು.
ಕುಬುಸಕ್ಕೆ ನಾನೇ ಚುಚ್ಚಿಕೊಂಡಿದ್ದೆ,
ಬಾಲದಷ್ಟು ಕಿತ್ತಳೆ ದಾರ ಬೆನ್ನ ಮೇಲೆ ಇಳಿಬಿದ್ದಿತ್ತು.

ನಿದ್ದೆಗಣ್ಣು ಅಷ್ಟೇ ಅದಕ್ಕೆ.
ನಡುರಾತ್ರಿ ಕತ್ತಲಾಗ "ಎವ್ವಾ!" ಅಂತ ಚೀರಿದ ಗಂಡ,
ಕಾಲ್ಬೆರಳು ಹಿಡಿದು.
ನಗು ತಡೆಯಲಿಕ್ಕೆ ಸೆರಗು ಕಚ್ಚಿದೆ ನಾನು.
ಆಮೇಲೆ ದೂರದಾಗ ಕಲ್ಲಿನ ಮ್ಯಾಲೆ
ಹುಣಸೆ ಬೀಜದ ಸದ್ದು,
ಒಂದು ಕಾಲು ತನಗಿಂತ ದೊಡ್ಡದನ್ನು
ಎಲ್ಲಿಗೋ ಎಳಕೊಂಡು ಹೋಗುವ ಸದ್ದು.

ಬೆಳಕಾದ ಮ್ಯಾಲೆ ಸೂಜಿ ಎಣಿಸಿದೆ.
ಮತ್ತೊಮ್ಮೆ ಎಣಿಸಿದೆ.